ಲಂಡನ್ ಪಾರ್ಕುಗಳಲ್ಲಿ ದುಡಿಯುವ ಕುದುರೆಗಳು: ಆರು ದಿನದ ಓಡಾಟ

ಮೊದಲ ದಿನ

ಜುಲೈ ಕೊನೆಯ ವಾರ ಲಂಡನ್ನಿನಲ್ಲಿರುವ ಅಕ್ಕನ ಮನೆಗೆ ಹೋಗಿದ್ದೆ. ಕರೆದಿದ್ದು ಅಕ್ಕ, ಆದರೆ ಹೋದ ಮೇಲೆ ಎಲ್ಲಿ ಓಡಾಡಬೇಕು ಅಂತ ಹೇಳಿದ್ದು ಅಪ್ಪ. ಅಕ್ಕ ಹಿಂದಿನ ವರ್ಷ ಒಂದು ವಿಡಿಯೋ ಕಳಿಸಿದ್ದಳು. ಆನೆಮರಿಯಷ್ಟು ದಪ್ಪದ ಎರಡು ಕುದುರೆ, ಪಾದದ ಸುತ್ತ ಬಿಳಿ ಕೂದಲು, ಪಾರ್ಕಿನ ನಡುವೆ ಒಂದು ಉರುಳೆ ಎಳೆದುಕೊಂಡು ಹೋಗುತ್ತಿದ್ದವು. ಅಪ್ಪ ಅದನ್ನು ಎಷ್ಟು ಸಲ ನೋಡಿದರೋ ಲೆಕ್ಕ ಇಲ್ಲ. ನಾವು ಕುಣಿಗಲ್ ಕಡೆಯವರು. ಟಿಪ್ಪು ಕಾಲದಿಂದ ಕುದುರೆ ಸಾಕಿಕೊಂಡು ಬಂದ ಊರು ಅದು, ಆದರೆ ಸ್ಟಡ್ ಫಾರ್ಮ್ ಕುದುರೆಗಳು ನಮಗೆ ಬೇಲಿಯಾಚೆಯಿಂದ ಕಾಣುತ್ತಿದ್ದ ರೇಸ್ ಕುದುರೆಗಳು ಅಷ್ಟೇ. ನಮ್ಮ ಮನೆಯಲ್ಲಿ ದುಡಿದಿದ್ದು ಹಳ್ಳಿಕಾರ್ ಎತ್ತುಗಳು. ಕೊನೆಯ ಜೊತೆ ಮಾರಿ ಆರು ವರ್ಷ ಆಯಿತು. ಅಪ್ಪ ಈಗಲೂ ಬೆಳಗ್ಗೆ ಎದ್ದ ತಕ್ಷಣ ಕೊಟ್ಟಿಗೆ ಕಡೆ ಹೋಗಿ ಬರುತ್ತಾರೆ.

ಹೊರಡುವ ದಿನ ಅಪ್ಪ ಹೇಳಿದ್ದು ಒಂದೇ ಮಾತು. "ಅದರ ಹೆಗಲು ನೋಡ್ಕೊಂಡು ಬಾ ಮಗಾ. ಹೆಗಲಲ್ಲಿ ಹುಣ್ಣಿದ್ರೆ ಅದು ಬರೀ ತೋರಿಕೆಗೆ ಹೂಡಿರೋದು. ಹೆಗಲು ಚೆನ್ನಾಗಿದ್ರೆ ಅವ್ರು ಕೆಲಸ ಬಲ್ಲವ್ರು."

ಅಕ್ಕನ ಮನೆ ಸರ್ಬಿಟನ್‌ನಲ್ಲಿ. ಅಲ್ಲಿಂದ ಕಿಂಗ್‌ಸ್ಟನ್ ಹತ್ತಿರ, ಕಿಂಗ್‌ಸ್ಟನ್ ಗೇಟ್ ದಾಟಿದರೆ ರಿಚ್ಮಂಡ್ ಪಾರ್ಕ್. ವಿಮಾನದ ಸುಸ್ತಿನಲ್ಲಿ ಅವತ್ತು ಎಲ್ಲೂ ಹೋಗಲಿಲ್ಲ. ಅಕ್ಕ ಮಾಡಿದ ಹುರುಳಿ ಬಸ್ಸಾರು ಉಂಡು ಮಲಗಿದೆ.

ಎರಡನೇ ದಿನ

ಬೆಳಗ್ಗೆ ಬೇಗನೆ ಹೊರಟೆವು, ನಾನು ಮತ್ತು ಅಕ್ಕನ ಮಗಳು. ಅವಳಿಗೆ ಹನ್ನೊಂದು ವರ್ಷ, ಶಾಲೆಗೆ ರಜೆ. ಕುದುರೆ ಸಿಗಲಿಲ್ಲ. ಒಂಬತ್ತರ ಹೊತ್ತಿಗೆ ಜೋರು ಮಳೆ ಬಂತು, ಗೇಟಿನ ಹತ್ತಿರ ಕೇಳಿದಾಗ ಒಬ್ಬರು "ಆ ಕುದುರೆಗಳು ಮದುವೆ ಮೆರವಣಿಗೆಗೆ ಅಷ್ಟೇ" ಅಂದುಬಿಟ್ಟರು, ಇನ್ನೊಬ್ಬರು ಪಾರ್ಕಿನ ಇನ್ನೊಂದು ತುದಿಗೆ ಕಳಿಸಿದರು. ಸುಮ್ನೆ ಆರು ಮೈಲಿ ನಡೆದೆವು. ಆದರೆ ಆ ನಡಿಗೆ ವ್ಯರ್ಥ ಆಗಲಿಲ್ಲ. ನೆಲ ನೋಡದೆ ಕುದುರೆ ನೋಡಿದ್ದರೆ ನನಗೆ ಅರ್ಧವೂ ಅರ್ಥ ಆಗುತ್ತಿರಲಿಲ್ಲ.

ಪಾರ್ಕ್ ಅಂದರೆ ನಮ್ಮ ತಲೆಯಲ್ಲಿ ಬರುವುದು ಕಬ್ಬನ್ ಪಾರ್ಕ್, ಲಾಲ್‌ಬಾಗ್, ಅಲ್ವಾ? ಇದು ಆ ಥರದ್ದಲ್ಲ. 2,500 ಎಕರೆ. 1637ರಲ್ಲಿ ಒಂದನೇ ಚಾರ್ಲ್ಸ್ ರಾಜ ಜಿಂಕೆ ಬೇಟೆಗೆಂದು ಸುತ್ತ ಗೋಡೆ ಕಟ್ಟಿಸಿದ ಜಾಗ. ಗೋಡೆಯೂ ಇದೆ, ಜಿಂಕೆಗಳೂ ಇವೆ, ಸುಮಾರು 630. ಕೆಂಪು ಜಿಂಕೆ ಒಂದು ಜಾತಿ, ಮೈಮೇಲೆ ಚುಕ್ಕೆ ಇರುವ ಫ್ಯಾಲೋ ಜಿಂಕೆ ಇನ್ನೊಂದು. ಇಡೀ ಜಾಗ ಈಗ ರಾಷ್ಟ್ರೀಯ ಪ್ರಕೃತಿ ಮೀಸಲು. ಹೂವಿನ ಮಡಿ, ಕಾರಂಜಿ ಅಂತ ಹುಡುಕಿದರೆ ಹೆಚ್ಚು ಕಡೆ ಸಿಗುವುದಿಲ್ಲ. ಹುಲ್ಲು, ಜರಿಗಿಡ, ಓಕ್ ಮರ, ಕೆರೆ.

ಓಕ್ ಮರಗಳ ಬಗ್ಗೆ ಎರಡು ಮಾತು ಜಾಸ್ತಿ ಹೇಳಬೇಕು. ಈ ಪಾರ್ಕಿನಲ್ಲಿ ತುಂಬ ವಯಸ್ಸಾದ ಮರಗಳು 1,300ರಷ್ಟಿವೆ. ರಾಯಲ್ ಓಕ್ ಅಂತ ಒಂದಿದೆ, ಅದಕ್ಕೆ 750 ವರ್ಷ ಇರಬಹುದು ಅಂತ ಅಂದಾಜು. ಅಂದರೆ ಗೋಡೆ ಕಟ್ಟುವ ಹೊತ್ತಿಗೇ ಅದು ಮುದಿ ಮರ. ಒಳಗೆ ಪೊಟರೆ ಬಿದ್ದು ಒಬ್ಬ ಮನುಷ್ಯ ನಿಲ್ಲುವಷ್ಟು ಟೊಳ್ಳಾಗಿದೆ, ಮೇಲೆ ಮಾತ್ರ ಹಸಿರು ಎಲೆ. ಇಂಥ ಮರಗಳ ಕೊಳೆತ ಸೌದೆಯಲ್ಲಿ ಬದುಕುವ ಹುಳಗಳಿಗೇ ಈ ಪಾರ್ಕ್ ಹೆಸರುವಾಸಿ. ಸ್ಟ್ಯಾಗ್ ಬೀಟಲ್ ಅಂತ ಕೊಂಬಿನ ದುಂಬಿ ಇದೆ, ಅದರ ಮರಿಹುಳ ವರ್ಷಗಟ್ಟಲೆ ನೆಲದೊಳಗಿನ ಸತ್ತ ಬೇರು ತಿಂದು ಬೆಳೆಯುತ್ತದೆ.

ಇಂಥ ಮರಕ್ಕೆ ಇರುವ ದೊಡ್ಡ ಅಪಾಯಗಳಲ್ಲಿ ಒಂದು ಕಣ್ಣಿಗೆ ಕಾಣುವುದೇ ಇಲ್ಲ. ಕೊಡಲಿ ಅಲ್ಲ, ಗಟ್ಟಿಯಾದ ಮಣ್ಣು. ಬೇರು ಬಹಳ ಆಳಕ್ಕೆ ಹೋಗಿರುವುದಿಲ್ಲ, ಹೆಚ್ಚಿನವು ಮೇಲ್ಮಣ್ಣಿನಲ್ಲೇ ಅಗಲಕ್ಕೆ ಹರಡಿರುತ್ತವೆ, ಕೊಂಬೆ ಮುಗಿಯುವ ಕಡೆಯಿಂದ ಇನ್ನೂ ಆಚೆಗೆ. ಮೇಲೆ ಭಾರದ ಗಾಡಿ ಓಡಾಡಿದರೆ ಮಣ್ಣಿನ ಸಂದಿನಲ್ಲಿರುವ ಗಾಳಿ ಹೋಗುತ್ತದೆ, ನೀರು ಇಳಿಯುವುದಿಲ್ಲ, ಬೇರು ಉಸಿರು ಕಟ್ಟುತ್ತದೆ. ಮರ ಅವತ್ತೇ ಸಾಯುವುದಿಲ್ಲ. ಹತ್ತಿಪ್ಪತ್ತು ವರ್ಷ ಹಿಡಿದು ಒಂದೊಂದೇ ಕೊಂಬೆ ಒಣಗುತ್ತದೆ. ಅಷ್ಟರಲ್ಲಿ ಟ್ರ್ಯಾಕ್ಟರ್ ಓಡಿಸಿದ್ದು ಯಾರಿಗೂ ನೆನಪಿರುವುದಿಲ್ಲ.

ಇನ್ನೊಂದು, ಇರುವೆ ಗುಡ್ಡೆ. ಹುಲ್ಲಿನಲ್ಲಿ ಮೊಣಕಾಲೆತ್ತರದ ಗುಂಡನೆ ದಿಬ್ಬಗಳು ಸಾಲುಸಾಲಾಗಿ ಇದ್ದವು. ನಾನು ಮೊದಲು ಯಾರೋ ಮಣ್ಣು ಸುರಿದಿದ್ದಾರೆ ಅಂದುಕೊಂಡೆ. ಹಳದಿ ಇರುವೆ ಕಟ್ಟಿದ್ದು ಅದು. ಒಂದೊಂದು ಗುಡ್ಡೆ ಆಗುವುದಕ್ಕೆ ಎಷ್ಟೋ ದಶಕ ಬೇಕು. ಯಂತ್ರ ಹತ್ತಿಸಿದರೆ ಒಂದು ನಿಮಿಷದಲ್ಲಿ ಸಪಾಟಾಗುತ್ತದೆ.

ಮತ್ತೆ ಜರಿಗಿಡ. ಬ್ರಾಕನ್ ಅನ್ನುತ್ತಾರೆ. ನಮ್ಮ ಮಲೆನಾಡಿನಲ್ಲಿ ಕಾಣುವ ಜರಿಗಿಡದ ಜಾತಿಯದೇ, ಆದರೆ ಎದೆಯೆತ್ತರ ಬೆಳೆಯುತ್ತದೆ. ಅಕ್ಕನ ಮಗಳು ಒಳಗೆ ಹೊಕ್ಕರೆ ಕಾಣುತ್ತಲೇ ಇರಲಿಲ್ಲ, ಆಮೇಲೆ ಉಣ್ಣೆಹುಳ ಹತ್ತೀತು ಅಂತ ನಾನೇ ಈಚೆ ಕರೆದೆ. ಬಂಡೀಪುರದಲ್ಲಿ ಲಂಟಾನ ಮಾಡಿದ ಹಾಗೆಯೇ ಇದು ಇಲ್ಲಿ ಮಾಡುತ್ತದೆ. ನೆರಳು ಮುಚ್ಚಿ ಹುಲ್ಲನ್ನು ಸಾಯಿಸುತ್ತದೆ. ಒಂದು ವ್ಯತ್ಯಾಸ, ಲಂಟಾನ ಹೊರಗಿನದು, ಬ್ರಾಕನ್ ಇಲ್ಲಿಯದೇ ಗಿಡ. ಹಾಗಾಗಿ ಪೂರ್ತಿ ತೆಗೆಯುವ ಮಾತಿಲ್ಲ. ಜಿಂಕೆಗಳು ಮರಿ ಹಾಕಿ ಅಡಗಿಸಿಡುವುದು ಇದರೊಳಗೇ. ಮುದಿ ಮರದ ಬುಡದಲ್ಲಿ ಮತ್ತು ಒಳ್ಳೆ ಹುಲ್ಲಿರುವ ಕಡೆ ಮಾತ್ರ ಹದ್ದುಬಸ್ತಿನಲ್ಲಿ ಇಡಬೇಕು. ಚಳಿಗಾಲಕ್ಕೆ ಅದು ಒಣಗಿ ಮರದ ಸುತ್ತ ದರಗಿನ ಥರ ಬಿದ್ದಿರುತ್ತದೆ, ಒಂದು ಕಿಡಿ ಸಾಕು.

ಸಂಜೆ ಅಪ್ಪನಿಗೆ ಫೋನ್ ಮಾಡಿ ಕುದುರೆ ಸಿಗಲಿಲ್ಲ ಅಂದೆ. "ಮಳೇಲಿ ಯಾರು ಹೂಡ್ತಾರೆ?" ಅಂದರು.

ಮೂರನೇ ದಿನ

ಸಿಕ್ಕಿದವು.

ಭಾವ ಅವತ್ತು ರಜೆ ಹಾಕಿ ನಮ್ಮನ್ನು ಕಾರಿನಲ್ಲಿ ಬಿಟ್ಟರು. ಈ ಪಾರ್ಕಿನಲ್ಲಿ ಹಾಲಿ ಲಾಡ್ಜ್ ಅಂತ ಒಂದು ಜಾಗ ಇದೆ, ಅಲ್ಲಿ ಆಪರೇಷನ್ ಸೆಂಟಾರ್ ಅನ್ನುವ ಸಂಸ್ಥೆಯ ಲಾಯ ಇದೆ. ಅವರದು ಶೈರ್ ತಳಿಯ ಕುದುರೆಗಳು. ರಿಚ್ಮಂಡ್ ಪಾರ್ಕ್, ಬುಷಿ ಪಾರ್ಕ್, ಹ್ಯಾಂಪ್ಟನ್ ಕೋರ್ಟ್, ಹೈಡ್ ಪಾರ್ಕ್ ಎಲ್ಲ ಕಡೆ ಕೆಲಸ ಮಾಡಿವೆ. ಮನಸ್ಸಿಗೆ ನೋವಿರುವವರನ್ನು ಕುದುರೆಗಳ ಜತೆ ಬೆರೆಸಿ ಚೇತರಿಸಿಕೊಳ್ಳುವಂತೆ ಮಾಡುವ ಕೆಲಸವೂ ಇದೇ ಸಂಸ್ಥೆಯದು.

ದೂರದಿಂದ ಮೊದಲು ಕೇಳಿದ್ದು ಸರಪಳಿಯ ಸದ್ದು. ಆಮೇಲೆ ಉಸಿರು. ಎಂಜಿನ್ ಸದ್ದು ಇಲ್ಲದೆ ಅಷ್ಟು ದೊಡ್ಡ ಕೆಲಸ ನಡೆಯುವುದನ್ನು ನಾನು ನೋಡಿ ತುಂಬ ವರ್ಷ ಆಗಿತ್ತು. ಎರಡು ಕುದುರೆ, ಒಂದು ಕಪ್ಪು, ಒಂದು ಕಂದು, ಹಿಂದೆ ಎರಡು ಚಕ್ರದ ಸಣ್ಣ ಗಾಡಿ, ಅದರ ಮೇಲೆ ನಿಂತು ಲಗಾಮು ಹಿಡಿದವರು ಒಬ್ಬರು, ಗಾಡಿಯ ಹಿಂದೆ ಕಬ್ಬಿಣದ ಉರುಳೆ. ಪಕ್ಕದಲ್ಲಿ ಒಬ್ಬ ಹೆಂಗಸು ನಡೆದುಕೊಂಡು ಬರುತ್ತಿದ್ದರು. ಉರುಳೆ ಹೊರಡುವ ಮುಂಚೆ ಜರಿಗಿಡದೊಳಗೆ ಮೊದಲು ನಡೆದು ನೋಡುವುದು ಅವರ ಕೆಲಸ. ಜಿಂಕೆ ಮರಿ ಮಲಗಿದ್ದರೆ ಅದು ಓಡುವುದಿಲ್ಲ, ಅಲ್ಲಾಡದೆ ಬಿದ್ದಿರುತ್ತದೆ, ಅದಕ್ಕೆ.

ಆ ಉರುಳೆ ನೋಡಿದ ತಕ್ಷಣ ನನಗೆ ನಮ್ಮ ಕಣ ನೆನಪಾಯಿತು. ರಾಗಿ ಒಕ್ಕುವಾಗ ಎತ್ತು ಕಟ್ಟಿ ರೋಣಗಲ್ಲು ಹೊಡೆಯುತ್ತಿದ್ದೆವಲ್ಲ, ಅದೇ ಲೆಕ್ಕ. ಆದರೆ ಇದರ ಮೈಮೇಲೆ ಉದ್ದಕ್ಕೂ ಏಣು ಇರುವ ಪಟ್ಟಿಗಳಿವೆ. ಉರುಳಿದಾಗ ಪ್ರತಿ ಏಣೂ ಜರಿಗಿಡದ ದಂಟನ್ನು ಜಜ್ಜುತ್ತದೆ. ಒಂದೇ ದಂಟು ನಾಲ್ಕೈದು ಕಡೆ ಮುರಿಯುತ್ತದೆ, ಆದರೆ ತುಂಡಾಗುವುದಿಲ್ಲ. ಈ ತುಂಡಾಗದೆ ಇರುವುದರಲ್ಲೇ ಇಡೀ ಉಪಾಯ ಇರುವುದು.

ಕತ್ತರಿಸಿದರೆ ಏನಾಗುತ್ತೆ ಅಂದರೆ, ಗಿಡ ಆ ದಂಟಿನ ಕತೆ ಮುಗಿಯಿತು ಅಂತ ಬಿಟ್ಟು ಬೇರಿನಿಂದ ಹೊಸ ಚಿಗುರು ಕಳಿಸುತ್ತದೆ. ಜಜ್ಜಿ ಬಿಟ್ಟರೆ ಆ ದಂಟು ಇನ್ನೂ ಬದುಕಿದೆ ಅಂದುಕೊಂಡು ಅದಕ್ಕೇ ರಸ ಕಳಿಸುತ್ತಾ ಇರುತ್ತದೆ, ರಸ ಗಾಯದಲ್ಲಿ ಸೋರಿ ಹೋಗುತ್ತದೆ. ನೆಲದಡಿ ಗೆಡ್ಡೆಯಂಥ ಬೇರಿನಲ್ಲಿ ಕೂಡಿಟ್ಟ ಆಹಾರ ಖಾಲಿಯಾಗುತ್ತಾ ಬರುತ್ತದೆ. ಒಂದು ಬೇಸಿಗೆಗೆ ಎರಡು ಸಲ, ಹೀಗೆ ಕಡಿಮೆ ಅಂದರೂ ಮೂರು ವರ್ಷ ಮಾಡಬೇಕು. ಆಗ ಜರಿಗಿಡ ತೆಳುವಾಗುತ್ತದೆ, ಬಿಸಿಲು ನೆಲ ಮುಟ್ಟುತ್ತದೆ, ಹುಲ್ಲು ತಾನೇ ಬರುತ್ತದೆ. ಔಷಧಿ ಹೊಡೆಯುವ ಮಾತೇ ಇಲ್ಲ.

"ಟ್ರ್ಯಾಕ್ಟರ್‌ಗೂ ಇದೇ ಉರುಳೆ ಕಟ್ಟಬಹುದಲ್ವಾ?" ಅಂತ ನಾನು ಆ ಹೆಂಗಸನ್ನು ಕೇಳಿದೆ. ಅವರು ಕಟ್ಟಬಹುದು, ಬಯಲಲ್ಲಿ ಕಟ್ಟುತ್ತಾರೆ ಕೂಡ ಅಂದರು. ಆಮೇಲೆ ಒಂದು ಓಕ್ ಮರದ ಕಡೆ ಕೈ ತೋರಿಸಿದರು. ಅದರ ಒಂದು ಕೊಂಬೆ ನೆಲಕ್ಕೆ ತಾಗುವಷ್ಟು ಬಾಗಿತ್ತು, ಸುತ್ತ ನಾಲ್ಕು ಇರುವೆ ಗುಡ್ಡೆ, ಒಂದು ಬಿದ್ದ ದಿಮ್ಮಿ. ಕುದುರೆಗಳು ಆ ಸಂದಿಯಲ್ಲಿ ಹಾವಿನ ಹಾಗೆ ಹೋದವು. ಬಲಗಡೆಯ ಕುದುರೆ ಒಂದು ಹೆಜ್ಜೆ ಪಕ್ಕಕ್ಕೆ ಇಟ್ಟು ಗುಡ್ಡೆ ತಪ್ಪಿಸಿತು. ಲಗಾಮು ಎಳೆದರೋ ಅದೇ ತಪ್ಪಿಸಿತೋ ನನಗೆ ಕಾಣಲಿಲ್ಲ. ಆದರೆ ಅಪ್ಪನ ಎಡಗೋಲಿನ ಎತ್ತು ನಾಟಿ ಸಾಲನ್ನು ಹೀಗೆಯೇ ತಪ್ಪಿಸುತ್ತಿದ್ದುದು ನನಗೆ ಚೆನ್ನಾಗಿ ನೆನಪಿದೆ.

ಭಾರದ ಬಗ್ಗೆ ನಾನು ತಪ್ಪು ತಿಳಿದುಕೊಂಡಿದ್ದೆ. ಕುದುರೆ ಹಗುರ, ಹಾಗಾಗಿ ನೆಲಕ್ಕೆ ಒಳ್ಳೆಯದು ಅಂತಷ್ಟೇ ಅಂದುಕೊಂಡಿದ್ದೆ. ಶೈರ್ ಕುದುರೆ ಹಗುರ ಏನಲ್ಲ, ಒಂದೊಂದು 900 ಕೆಜಿ ಆಚೀಚೆ ತೂಗುತ್ತದೆ. ಅಷ್ಟೂ ತೂಕ ನಾಲ್ಕು ಗೊರಸಿನ ಮೇಲೆ ಬೀಳುವುದರಿಂದ ಗೊರಸಿನ ಕೆಳಗಿನ ಒತ್ತಡ ಕಡಿಮೆ ಇರುವುದಿಲ್ಲ. ವ್ಯತ್ಯಾಸ ಇರುವುದು ಬೇರೆ ಕಡೆ. ಗೊರಸು ಬಿಡಿಬಿಡಿಯಾಗಿ ಬೀಳುತ್ತದೆ, ಎರಡು ಗೊರಸಿನ ನಡುವಿನ ಮಣ್ಣು ಹಾಗೇ ಉಳಿಯುತ್ತದೆ. ಟ್ರ್ಯಾಕ್ಟರ್ ಚಕ್ರವಾದರೆ ಒಂದೇ ಗೀಟು, ಉದ್ದಕ್ಕೂ, ಹೋದಲ್ಲೇ ಮತ್ತೆ ಹೋಗುತ್ತದೆ, ಮಳೆ ಬಂದರೆ ಆ ಗೀಟೇ ಕಾಲುವೆ. ಮೇಲಾಗಿ ನಾಲ್ಕೈದು ಟನ್ ಭಾರ, ಎಂಜಿನ್ನಿನ ಅದುರು, ಎರಡೂ ಆಳಕ್ಕೆ ಇಳಿಯುತ್ತವೆ. ಗೊರಸು ಮೇಲ್ಮಣ್ಣನ್ನು ಸ್ವಲ್ಪ ಕೆದಕುತ್ತದೆ, ಅದು ಹುಲ್ಲಿನ ಬೀಜಕ್ಕೆ ಒಳ್ಳೆಯದೇ. ನಮ್ಮಲ್ಲೂ ರಾಗಿ ಚೆಲ್ಲಿದ ಮೇಲೆ ಹಲುಬೆ ಹೊಡೆಯುವುದು ಇದಕ್ಕೇ ಅಲ್ವಾ.

ಮಧ್ಯಾಹ್ನ ಬಿಟ್ಟಾಗ ಹತ್ತಿರ ಹೋಗಲು ಒಪ್ಪಿದರು. ಅಕ್ಕನ ಮಗಳು ಕಪ್ಪು ಕುದುರೆಯ ಮೂತಿ ಸವರಿದಳು. ನಾನು ಹೆಗಲು ನೋಡಿದೆ. ಇವಕ್ಕೆ ನೊಗ ಇಲ್ಲ. ಕತ್ತಿನ ಸುತ್ತ ದಪ್ಪನೆ ಚರ್ಮದ ಪಟ್ಟಿ, ಒಳಗೆ ಒಣಹುಲ್ಲು ತುಂಬಿದ್ದು, ನೀರು ಹೊರುವ ಹೆಂಗಸರ ಸಿಂಬಿಯನ್ನು ದೊಡ್ಡದು ಮಾಡಿ ಕೊರಳಿಗೆ ಹಾಕಿದ ಹಾಗೆ. ಅದರ ಮೇಲೆ ಎರಡು ಲೋಹದ ಕಮಾನು, ಅದಕ್ಕೆ ಸರಪಳಿ. ಭಾರ ಗಂಟಲಿನ ಮೇಲಲ್ಲ, ಭುಜದ ಮೇಲೆ ಬೀಳುತ್ತದೆ. ಹಾಗಾಗಿ ಮೈಪೂರ್ತಿ ಒಡ್ಡಿ ಎಳೆಯಬಹುದು. ಪ್ರತಿ ಕುದುರೆಗೂ ಅದರದೇ ಅಳತೆಯ ಪಟ್ಟಿ. ಒಂದರದು ಇನ್ನೊಂದಕ್ಕೆ ಹಾಕುವುದಿಲ್ಲ. ಪಟ್ಟಿ ತೆಗೆದಾಗ ಕೂದಲು ಬೆವರಿಗೆ ಅಂಟಿಕೊಂಡಿತ್ತು, ಚರ್ಮದಲ್ಲಿ ಒಂದು ಗೀರೂ ಇರಲಿಲ್ಲ. ಫೋಟೋ ತೆಗೆದುಕೊಂಡೆ. ಅಪ್ಪನಿಗೆ ಕಳಿಸಬೇಕಿತ್ತಲ್ಲ.

ಇನ್ನೊಂದು ವಿಷಯ ಗೊತ್ತಾಯಿತು. ಬ್ರಾಕನ್ ಕುದುರೆಗೆ ವಿಷ. ಜಾಸ್ತಿ ತಿಂದರೆ ಮೈಯಲ್ಲಿ ಬಿ1 ಜೀವಸತ್ವ ನಾಶವಾಗಿ ಕಾಲು ತಡವರಿಸುತ್ತದೆ, ಜೀವಕ್ಕೇ ಬರಬಹುದು. ಹಾಗಾಗಿ ಕೆಲಸದ ನಡುವೆ ಬಾಯಿ ಹಾಕದ ಹಾಗೆ ನೋಡಿಕೊಳ್ಳುತ್ತಾರೆ, ಹೊಟ್ಟೆ ತುಂಬಿಸಿಯೇ ಹೂಡುತ್ತಾರೆ. ಬಿಸಿಲು ದಿನ ಒಂದೊಂದಕ್ಕೆ 50 ಲೀಟರ್ ನೀರಾದರೂ ಬೇಕು. ಆರು ವಾರಕ್ಕೊಮ್ಮೆ ಲಾಳ.

ರಾತ್ರಿ ಅಪ್ಪ ಫೋಟೋ ನೋಡಿ ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ "ಬಲ್ಲವ್ರು" ಅಂದರು.

ನಾಲ್ಕನೇ ದಿನ

ಸರ್ಬಿಟನ್‌ನಿಂದ ಹ್ಯಾಂಪ್ಟನ್ ಕೋರ್ಟಿಗೆ ರೈಲು, ನಡುವೆ ಒಂದೇ ಸ್ಟೇಷನ್. ಅರಮನೆ ನೋಡಲು ಅಕ್ಕ ಟಿಕೆಟ್ ತೆಗೆದಿದ್ದಳು. ಅರಮನೆಯ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ, ನಾನು ಬಿಡುತ್ತೇನೆ. 1768ರಲ್ಲಿ ನೆಟ್ಟ ಒಂದು ದ್ರಾಕ್ಷಿ ಬಳ್ಳಿ ಗಾಜಿನ ಮನೆಯಲ್ಲಿ ಇನ್ನೂ ಗೊಂಚಲು ಬಿಡುತ್ತಿದೆ, ಅದೊಂದನ್ನು ರೈತರ ಮನೆಯವರು ಯಾರು ಹೋದರೂ ನೋಡಲೇಬೇಕು.

ಇಲ್ಲಿನ ತೋಟದಲ್ಲಿ ಶೈರ್ ಕುದುರೆಗಳು ಜನರನ್ನು ಕೂರಿಸಿಕೊಂಡು ಗಾಡಿ ಎಳೆಯುತ್ತವೆ. ನಾವೂ ಕೂತೆವು. ಅಕ್ಕನ ಮಗಳಿಗೆ ಖುಷಿಯೋ ಖುಷಿ. ನನಗೆ ಮೈಸೂರಿನ ಟಾಂಗಾ ನೆನಪಾಗಿ ಮನಸ್ಸು ಸ್ವಲ್ಪ ಭಾರವಾಯಿತು. ಅಲ್ಲಿ ಕುದುರೆಯನ್ನೂ ಸಾಕಬೇಕು, ಮನೆಯವರ ಹೊಟ್ಟೆಯನ್ನೂ ನೋಡಬೇಕು, ಕೈಗೆ ಬರುವುದು ಪ್ರವಾಸಿಗರು ಹತ್ತಿದರೆ ಉಂಟು ಇಲ್ಲದಿದ್ದರೆ ಇಲ್ಲ. ಇಲ್ಲಿ ಅದೇ ಕುದುರೆಗೆ ಸವಾರಿ ಒಂದು ದಿನ, ಹುಲ್ಲು ಕೊಯ್ಲು ಒಂದು ದಿನ, ಜರಿಗಿಡ ಇನ್ನೊಂದು ದಿನ. ಚಳಿಗಾಲದಲ್ಲಿ ಹಲುಬೆ ಹೊಡೆಯುವುದು, ಕಡಿದ ದಿಮ್ಮಿ ಎಳೆಯುವುದು. ವರ್ಷಪೂರ್ತಿ ಒಂದಲ್ಲ ಒಂದು ಕೆಲಸ. ಮೈಸೂರಿನಂಥ ಊರಿನಲ್ಲಿ ಕಾರಂಜಿ ಕೆರೆ ಇದೆ, ಕುಕ್ಕರಹಳ್ಳಿ ಕೆರೆ ದಂಡೆ ಇದೆ, ಇಷ್ಟೊಂದು ಹಸಿರು ಜಾಗದ ಕಸಕಡ್ಡಿ, ಉದುರಿದ ಎಲೆ ಸಾಗಿಸುವುದಕ್ಕೆ ಟಾಂಗಾದವರಿಗೆ ದಿನಗೂಲಿ ಕೊಟ್ಟು ಯಾಕೆ ಕರೆಯಬಾರದು ಅಂತ ನನಗೆ ನಿಜವಾಗಿ ಅನ್ನಿಸಿತು. ಈಗಲೂ ಅನ್ನಿಸುತ್ತಿದೆ.

ಮಧ್ಯಾಹ್ನ ರಸ್ತೆ ದಾಟಿ ಬುಷಿ ಪಾರ್ಕ್. ಎರಡೂ ಕಡೆ ಚೆಸ್ಟ್‌ನಟ್ ಮರದ ಸಾಲು, ಸುಮಾರು 1,100 ಎಕರೆ ಬಯಲು, ಇಲ್ಲೂ ಜಿಂಕೆ. ಹುಲ್ಲು ಇನ್ನೂ ಕೊಯ್ದಿರಲಿಲ್ಲ. ಕಾಲು ನೋಯುತ್ತಿತ್ತು, ಬೇಗ ಮನೆಗೆ ಬಂದೆವು.

ಐದನೇ ದಿನ

ಮನೆಯಲ್ಲೇ ಇದ್ದೆ. ಬಟ್ಟೆ ಒಗೆದೆ, ಅಕ್ಕನಿಗೆ ಒಬ್ಬಟ್ಟು ತಟ್ಟಿಕೊಟ್ಟೆ, ಭಾವನ ಹತ್ತಿರ ಕೂತು ಶೈರ್ ತಳಿಯ ಕತೆ ಕೇಳಿದೆ. ಅವರಿಗೆ ಇತಿಹಾಸ ಓದುವ ಹುಚ್ಚು.

ಇಂಗ್ಲೆಂಡಿನ ಬಂಡಿ ಕುದುರೆಗಳಿಗೆ ಅಂತಲೇ 1878ರಲ್ಲಿ ಒಂದು ಸಂಘ ಆಯಿತು. 1884ರಲ್ಲಿ ಅದು ಶೈರ್ ಹಾರ್ಸ್ ಸೊಸೈಟಿ ಅಂತ ಹೆಸರು ಬದಲಾಯಿಸಿಕೊಂಡಿತು. ಕಾಲುವೆಯ ದೋಣಿ ಎಳೆದಿದ್ದು, ಹಡಗುಕಟ್ಟೆಯ ಸಾಮಾನು ಸಾಗಿಸಿದ್ದು, ಬಿಯರ್ ಪೀಪಾಯಿ ಹೊತ್ತಿದ್ದು, ಹೊಲ ಉತ್ತಿದ್ದು ಎಲ್ಲ ಇವೇ. 1846ರಲ್ಲಿ ಹುಟ್ಟಿದ ಸ್ಯಾಂಪ್ಸನ್ ಅನ್ನುವ ಶೈರ್ ಕುದುರೆ ಭುಜದ ಹತ್ತಿರವೇ ಏಳು ಅಡಿ ದಾಟಿತ್ತಂತೆ, ದಾಖಲೆಯಲ್ಲಿರುವ ಕುದುರೆಗಳಲ್ಲೇ ಅತಿ ಎತ್ತರದ್ದು ಅದು. ಮೊದಲ ಮಹಾಯುದ್ಧಕ್ಕೆ ಕುದುರೆಗಳು ಹೋದವು, ಲಕ್ಷಗಟ್ಟಲೆ ಹೋದವು, ಬಹಳಷ್ಟು ವಾಪಸ್ ಬರಲಿಲ್ಲ. ಆಮೇಲೆ ಲಾರಿ ಬಂತು, ಟ್ರ್ಯಾಕ್ಟರ್ ಬಂತು. ಎರಡನೇ ಮಹಾಯುದ್ಧ ಮುಗಿದ ಮೇಲಂತೂ ಸಾವಿರಗಟ್ಟಲೆ ಕುದುರೆ ಕಸಾಯಿಖಾನೆಗೆ ಹೋದವು. ಲಂಡನ್ನಿನ ವಾಂಡ್ಸ್‌ವರ್ತ್‌ನಲ್ಲಿ ಯಂಗ್ಸ್ ಅಂತ ಒಂದು ಬಿಯರ್ ಕಂಪನಿ ಇತ್ತು, ಅವರು ಹತ್ತಿರದ ಪಬ್‌ಗಳಿಗೆ ಕುದುರೆ ಗಾಡಿಯಲ್ಲೇ ಪೀಪಾಯಿ ಕಳಿಸುತ್ತಿದ್ದರು. 2006ರಲ್ಲಿ ಆ ಕಾರ್ಖಾನೆ ಮುಚ್ಚಿತು. ಶೈರ್ ಈಗ ಅಪಾಯದಲ್ಲಿರುವ ತಳಿಗಳ ಪಟ್ಟಿಯಲ್ಲಿದೆ. ಸಫೋಕ್ ಪಂಚ್ ಅನ್ನುವ ಇನ್ನೊಂದು ಬಂಡಿ ತಳಿಯ ಪರಿಸ್ಥಿತಿ ಇನ್ನೂ ಕೆಟ್ಟದಾಗಿದೆ.

ನಾನು ಇದನ್ನು ಕೇಳಿದಾಗ ಹಳ್ಳಿಕಾರ್ ಜಾತ್ರೆಗಳನ್ನು ನೆನೆಸಿಕೊಂಡೆ. ನಾವು ತಳಿ ಉಳಿಸಬೇಕು ಅಂತ ಮೆರವಣಿಗೆ ಮಾಡುತ್ತೇವೆ, ಕೊಂಬಿಗೆ ಬಣ್ಣ ಹಚ್ಚುತ್ತೇವೆ, ಲಕ್ಷಗಟ್ಟಲೆ ಬೆಲೆಯ ಜೊತೆಯ ಫೋಟೋ ಪೇಪರಿನಲ್ಲಿ ಹಾಕಿಸುತ್ತೇವೆ. ಎಲ್ಲ ಸರಿ. ಆದರೆ ಸೋಮವಾರ ಬೆಳಗ್ಗೆ ಆ ಎತ್ತು ಏನು ಮಾಡುತ್ತದೆ? ಹೊಲದಲ್ಲಿ ಕೆಲಸ ಇಲ್ಲದಿದ್ದರೆ ಎಂಥ ಪ್ರೀತಿ ಇದ್ದರೂ ಎರಡು ವರ್ಷ ಸಾಕಬಹುದು, ಮೂರು ವರ್ಷ ಸಾಕಬಹುದು. ಅಪ್ಪ ನಾಲ್ಕು ವರ್ಷ ಸುಮ್ನೆ ಮೇಯಿಸಿದರು. ಮಾರಿದ ದಿನ ಊಟ ಮಾಡಲಿಲ್ಲ. ಅವರಿಗೆ ಪ್ರೀತಿ ಕಡಿಮೆಯಾಗಿ ಮಾರಿದ್ದಲ್ಲ. ಇಲ್ಲಿ ಪಾರ್ಕ್ ಕುದುರೆಯನ್ನು ಸಾಕುತ್ತಿದೆ, ಕುದುರೆ ಪಾರ್ಕನ್ನು ನೋಡಿಕೊಳ್ಳುತ್ತಿದೆ, ಎರಡರ ನಡುವೆ ಕೂಲಿಯ ಲೆಕ್ಕ ಇದೆ. ಅದು ನನಗೆ ಬಹಳ ಹಿಡಿಸಿತು.

ಆದರೂ ಎಲ್ಲ ಕೆಲಸವನ್ನೂ ಕುದುರೆಯೇ ಮಾಡುತ್ತದೆ ಅಂತ ಯಾರೂ ತಿಳಿಯಬಾರದು. 2,500 ಎಕರೆಯಲ್ಲಿ ಇವು ಮುಟ್ಟುವುದು ಒಂದು ಭಾಗ ಮಾತ್ರ. ಉಳಿದದ್ದು ಯಂತ್ರವೇ. ಕುದುರೆ ನಿಧಾನ, ಗಂಟೆಗೆ ನಾಲ್ಕು ಕಿಲೋಮೀಟರ್ ನಡಿಗೆ, ಮಧ್ಯೆ ಮಧ್ಯೆ ದಣಿವಾರಿಸಿಕೊಳ್ಳಬೇಕು. ಹೂಡುವುದನ್ನು ಕಲಿತ ಮನುಷ್ಯರು ಸಿಗುವುದು ಕುದುರೆ ಸಿಗುವುದಕ್ಕಿಂತ ಕಷ್ಟ. ಕೆಲಸ ಇಲ್ಲದ ದಿನವೂ ಮೇವು ಹಾಕಬೇಕು, ಟ್ರ್ಯಾಕ್ಟರ್ ಶೆಡ್ಡಿನಲ್ಲಿ ನಿಂತರೆ ಅದಕ್ಕೆ ಹಸಿವಿಲ್ಲ. ಮುದಿ ಮರದ ಬುಡ, ಹಸಿ ನೆಲ, ಹೂವಿನ ಹುಲ್ಲುಗಾವಲು, ಜನ ಓಡಾಡುವ ಜಾಗ, ಇಂಥ ಕಡೆ ಮಾತ್ರ ಕುದುರೆ ಮುಂದೆ, ಯಂತ್ರ ಹಿಂದೆ.

ಆರನೇ ದಿನ

ಶೈರ್ ಕುದುರೆಗಳು ಹುಲ್ಲು ಕೊಯ್ದ ಇನ್ನೊಂದು ಜಾಗ ನೋಡಲು ಅಕ್ಕನ ಜತೆ ಲಂಡನ್ನಿನಾಚೆ ಹೊರಟೆ. ಕಿಂಗ್ಸ್ ಕ್ರಾಸ್‌ನಿಂದ ಕೇಂಬ್ರಿಡ್ಜಿಗೆ ರೈಲಿನಲ್ಲಿ ಒಂದು ಗಂಟೆಯೂ ಆಗಲಿಲ್ಲ. ಅಷ್ಟರಲ್ಲಿ ಆಗಸ್ಟ್ ಬಂದಿತ್ತು.

ಕಿಂಗ್ಸ್ ಕಾಲೇಜಿನ ಚಾಪೆಲ್ ಹಿಂದೆ, ನದಿ ಕಡೆಗೆ, ಒಂದು ಹುಲ್ಲುಹಾಸು ಇತ್ತು. 1772ರಿಂದ ಅದನ್ನು ಕತ್ತರಿಸಿ ಕತ್ತರಿಸಿ ಜಮಖಾನದ ಹಾಗೆ ಇಟ್ಟಿದ್ದರು. 2019ರಲ್ಲಿ ಅದರ ಒಂದು ದೊಡ್ಡ ಭಾಗಕ್ಕೆ ಕಾಡುಹೂವಿನ ಬೀಜ ಚೆಲ್ಲಿದರು. 33 ಜಾತಿ ಚೆಲ್ಲಿದ್ದು, ಆಮೇಲೆ ಎಣಿಸಿದರೆ 84 ಜಾತಿ ಗಿಡ. ಉಳಿದವು ತಾವಾಗೇ ಬಂದವು. 2023ರಲ್ಲಿ ಬಂದ ಅಧ್ಯಯನದ ಪ್ರಕಾರ, ಪಕ್ಕದ ಹುಲ್ಲುಹಾಸಿಗೆ ಹೋಲಿಸಿದರೆ ಇಲ್ಲಿ ಗಿಡ, ಜೇಡ, ತಿಗಣೆ ಥರದ ಕೀಟಗಳ ಜಾತಿಗಳು ಮೂರು ಪಟ್ಟಿಗೂ ಜಾಸ್ತಿ. ಹುಳುಹುಪ್ಪಟೆಯ ಒಟ್ಟು ತೂಕ 25 ಪಟ್ಟು. ಅದನ್ನು ತಿನ್ನಲು ಬರುವ ಬಾವಲಿಗಳೂ ಮೂರು ಪಟ್ಟು.

ಈ ಹುಲ್ಲುಗಾವಲಿನ ಕೊಯ್ಲಿಗೆ ಎರಡು ಶೈರ್ ಕುದುರೆಗಳನ್ನು ಕರೆಸಿದ್ದು ಎಲ್ಲ ಕಡೆ ಸುದ್ದಿಯಾಗಿತ್ತು. ಒಂದರ ಹೆಸರು ಕಾಸ್ಮೋ, ಇನ್ನೊಂದರ ಹೆಸರು ಬಾಯ್. ನಾವು ಹೋದ ದಿನ ಕುದುರೆ ಇರಲಿಲ್ಲ, ಹುಲ್ಲು ಒಣಗಿ ಕೊಯ್ಲಿಗೆ ನಿಂತಿತ್ತು. ಅಕ್ಕನಿಗೆ ಬೇಜಾರಾಯಿತು. ನನಗೆ ಆಗಲಿಲ್ಲ. ಕೊಯ್ಲಿಗೆ ಮುಂಚಿನ ಹೊಲ ನೋಡುವುದು ನನಗೆ ಮೊದಲಿಂದಲೂ ಇಷ್ಟ.

ಹೂವೆಲ್ಲ ಮುಗಿದಿತ್ತು. ಗಸಗಸೆ ಜಾತಿಯ ಕಾಯಿಗಳು ಒಣಗಿ ಗಾಳಿಗೆ ಗಲಗಲ ಅನ್ನುತ್ತಿದ್ದವು. ಇಷ್ಟು ತಡವಾಗಿ ಕೊಯ್ಯುವುದು ಬೀಜ ಉದುರಲಿ ಅಂತ. ಕೊಯ್ದ ಮೇಲೆ ಹುಲ್ಲನ್ನು ಅಲ್ಲೇ ಬಿಡಬಾರದು, ಪೂರ್ತಿ ತೆಗೆಯಬೇಕು. ನಮಗೆ ಇದು ತಲೆಕೆಳಗು ಅನ್ನಿಸುತ್ತದೆ, ನಾವು ಹೊಲಕ್ಕೆ ಗೊಬ್ಬರ ಆಗಲಿ ಅಂತ ಬಿಡುವವರು. ಇಲ್ಲಿ ಮಣ್ಣು ಬಡವಾಗಬೇಕು. ಮಣ್ಣು ಕೊಬ್ಬಿದರೆ ಗಟ್ಟಿ ಹುಲ್ಲು ಬೆಳೆದು ಹೂವಿನ ಗಿಡವನ್ನು ತುಳಿದುಬಿಡುತ್ತದೆ. ಇಂಥ ಹುಲ್ಲುಗಾವಲುಗಳಲ್ಲಿ ಯೆಲ್ಲೋ ರ್‍ಯಾಟಲ್ ಅಂತ ಒಂದು ಗಿಡವನ್ನೂ ಬೇಕಂತಲೇ ಬಿತ್ತುತ್ತಾರೆ. ಅದು ಹುಲ್ಲಿನ ಬೇರಿಗೆ ಬಾಯಿಟ್ಟು ರಸ ಹೀರಿ ಹುಲ್ಲನ್ನು ತಗ್ಗಿಸುತ್ತದೆ. ಜೋಳದ ಹೊಲದ ಬಿಳಿಕಸದ ಬಂಧು ಅದು, ಒಂದೇ ಕುಟುಂಬದ ಗಿಡಗಳು. ನಮ್ಮ ರೈತರಿಗೆ ಶಾಪವಾದದ್ದು ಇಲ್ಲಿ ಕೂಲಿಯಾಳಿನ ಥರ ಕೆಲಸ ಮಾಡುತ್ತದೆ.

ಇಲ್ಲಿ ಕೊಯ್ದ ಹುಲ್ಲನ್ನು ಕಟ್ಟು ಕಟ್ಟಿ, ಅದರಲ್ಲಿರುವ ಬೀಜದ ಸಮೇತ, ಊರಿನ ಬೇರೆ ಜಾಗಗಳಿಗೆ ಹೊಸ ಹುಲ್ಲುಗಾವಲು ಮಾಡಲು ಕೊಟ್ಟಿದ್ದಾರೆ. ಕೊಯ್ಯುವಾಗ ಕುದುರೆ ನಿಧಾನವಾಗಿ ಹೋಗುವುದರಿಂದ ಕಪ್ಪೆ, ಮಿಡತೆ, ಜೇಡಗಳಿಗೆ ಪಕ್ಕಕ್ಕೆ ಹೋಗಲು ಹೊತ್ತು ಸಿಗುತ್ತದೆ. ಹಗ್ಗದ ಈಚೆ ನಿಂತು ನೋಡಿದಾಗ ಹುಲ್ಲಿನ ತಳದಲ್ಲಿ ಏನೇನೋ ಸರಿದಾಡುತ್ತಿತ್ತು. ಪಕ್ಕದ ಹುಲ್ಲುಹಾಸು ಹಸಿರಾಗಿ ಚೆನ್ನಾಗಿತ್ತು, ಅಲ್ಲಿ ಏನೂ ಅಲ್ಲಾಡುತ್ತಿರಲಿಲ್ಲ.

ವಾಪಸ್ ಬರುವ ರೈಲಿನಲ್ಲಿ ಅಪ್ಪನಿಂದ ವಿಡಿಯೋ ಕಾಲ್ ಬಂತು. ನಮ್ಮೂರಲ್ಲಿ ರಾತ್ರಿ ಹತ್ತೂವರೆ ಆಗಿತ್ತು, ಇನ್ನೂ ಮಲಗಿರಲಿಲ್ಲ. ಮೂರನೇ ದಿನ ನಾನು ತೆಗೆದ ವಿಡಿಯೋ ಪೂರ್ತಿ ನೋಡಿದ್ದರು.

"ಅಲ್ಲ ಮಗಾ, ಅಷ್ಟುದ್ದ ಮೈ. ಮರದ ಬುಡದಲ್ಲಿ ಸಾಲು ಮುಗಿದಾಗ ಹೆಂಗೆ ತಿರುಗಿಸ್ತಾರೆ? ಅದೇ ಕಾಣ್ತಿಲ್ಲ ಇದ್ರಲ್ಲಿ."

"ಒಳಗಡೆ ಕುದುರೆ ನಿಂತಲ್ಲೇ ನಿಲ್ಲುತ್ತೆ ಅಪ್ಪ, ಹೊರಗಡೇದು ಅಡ್ಡಡ್ಡ ಹೆಜ್ಜೆ ಹಾಕುತ್ತೆ."

"ಅಡ್ಡ ಹೆಜ್ಜೆನಾ? ಸರಪಳಿಗೆ ಕಾಲು ಸಿಕ್ಕಲ್ವಾ?"

"ಹಿಡಿದವ್ರು ಏನೋ ಒಂದು ಮಾತು ಹೇಳ್ತಾರೆ, ಆಗ ಕುದುರೆ ನಿಂತ್ಕೊಂಡು ಸರಪಳಿ ಮೇಲೆ ಕಾಲೆತ್ತಿ ದಾಟುತ್ತೆ."

ಅಪ್ಪ ಹೌದಾ ಅಂದರು. ಆಮೇಲೆ ಫೋನನ್ನು ಅಮ್ಮನ ಕೈಗೆ ಕೊಟ್ಟು ಪಡಸಾಲೆಯಲ್ಲಿ ಎದ್ದು ನಿಂತು, ಕೈಯಲ್ಲಿ ಲಗಾಮು ಹಿಡಿದ ಹಾಗೆ ಮಾಡಿ, ಅಡ್ಡಡ್ಡ ನಾಲ್ಕು ಹೆಜ್ಜೆ ಹಾಕಿ ನೋಡಿದರು.